ಹಗೇವದ ಜಿನಮತಿ ಮತ್ತು ಮಗಳ ಕಿವಿ

ದಿಗ್ಗೇವಾಡಿಗೆ ಹೋಗಿ ಬರೀ ಜಿನಮತಿ ಅಂತ ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಆ ಹೆಸರಿನವರು ಓಣಿಗೊಬ್ಬರು ಸಿಗುತ್ತಾರೆ. ಹಗೇವದ ಜಿನಮತಕ್ಕ ಅನ್ನಬೇಕು. ಆಗ ನೋಡಿ, ಕಬ್ಬು ತಿನ್ನುತ್ತ ಕಟ್ಟೆಗೆ ಕೂತವರು ಬಾಯೊಳಗಿನ ಸಿಪ್ಪೆ ಉಗುಳಿ ಬಸದಿಯ ಹಿಂದಿನ ದಿಬ್ಬದ ಕಡೆ ಕೈ ಮಾಡುತ್ತಾರೆ. ಹಗೇವು ಅಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಅಂಗಳದ ನೆಲದೊಳಗೆ ಆಳುದ್ದಕ್ಕಿಂತ ಆಳವಾಗಿ ತೋಡಿದ ಕಾಳಿನ ಕುಣಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಮಾತ್ರ ಕೋಣೆಯಷ್ಟು. ಸುತ್ತ ಜೋಳದ ದಂಟಿನ ಕಣಿಕೆ ಹೊದಿಸಿ, ಕಾಳು ಸುರಿದು, ಮೇಲೆ ಹೊಟ್ಟು ಹಾಸಿ, ಬಾಯಿಗೆ ಚಪ್ಪಡಿ ಎಳೆದು, ಸೆಗಣಿ ಕಲಸಿದ ಮಣ್ಣಿನಿಂದ ಸಂದು ಬಿಡದೆ ಮೆತ್ತಿಬಿಟ್ಟರೆ ವರ್ಷಗಟ್ಟಲೆ ಒಂದು ನುಸಿ ಹತ್ತುವುದಿಲ್ಲ. ಈಗ ಎಲ್ಲರ ಮನೆಯಲ್ಲೂ ತಗಡಿನ ಡ್ರಮ್ಮು, ಅದರೊಳಗೆ ವಿಷದ ಗುಳಿಗೆ. ಹಗೇವು ಉಳಿದದ್ದು ಇವಳೊಬ್ಬಳ ಅಂಗಳದಲ್ಲಿ.

ಈ ವಿದ್ಯೆ ಅವಳಿಗೆ ತವರಿನದು. ಅಥಣಿ ಕಡೆಯ ಬಿಳಿಜೋಳದ ಸೀಮೆಯಲ್ಲಿ ಅವಳ ಅಪ್ಪ ಭರಮು ಇಡೀ ಓಣಿಯ ಹಗೇವುಗಳನ್ನು ತುಂಬಿ ಮುಚ್ಚಿಕೊಡುತ್ತಿದ್ದ. ಜೈನರ ಮನೆ; ಕಾಳಿಗೆ ವಿಷ ಹಾಕಿ ಹುಳ ಕೊಲ್ಲುವ ಮಾತೇ ಇಲ್ಲ. ಹುಡುಗಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಣ್ಣು ಮೆತ್ತುವಾಗ ಅವನು ಒಂದೇ ಮಾತು ಹೇಳುತ್ತಿದ್ದ: ನಾವು ಯಾರನ್ನೂ ಕೊಲ್ಲುವುದಿಲ್ಲ ಮಗಾ, ಬಾಗಿಲು ಮುಚ್ಚುತ್ತೇವೆ ಅಷ್ಟೇ, ಗಾಳಿ ಇಲ್ಲದ ಕಡೆ ಜೀವ ಇರುವುದಿಲ್ಲ. ಹಗೇವು ತೆರೆಯುವ ದಿನ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಇಳಿಬಿಡುತ್ತಿದ್ದ. ದೀಪ ಫಕ್ಕನೆ ಆರಿದರೆ ಯಾರೂ ಇಳಿಯಕೂಡದು. ದೀಪವೇ ಉಸಿರಾಡದ ಜಾಗದಲ್ಲಿ ಹುಳ ಎಲ್ಲಿಂದ ಉಸಿರಾಡೀತು? ಹುಡುಗಿ ಕಣ್ಣರಳಿಸಿ ನೋಡುತ್ತಿದ್ದಳು. ಕೆಲವರಿಗೆ ಬಾಯಿಪಾಠದ ಸ್ತೋತ್ರ ಮರೆತರೂ ಇಂಥ ಮಾತು ಮರೆಯುವುದಿಲ್ಲ.

ಉತ್ತಮನನ್ನು ಮದುವೆಯಾಗಿ ಹೊಳೆ ದಂಡೆಯ ಈ ಕಬ್ಬಿನ ಊರಿಗೆ ಬಂದಾಗ ಅಂಗಳದಲ್ಲಿ ಒಂದು ಹಳೆಯ ಹಗೇವು ಇದ್ದದ್ದು ಅವಳ ಕಣ್ಣಿಗೇ ಮೊದಲು ಬಿತ್ತು. ಅತ್ತೆ ಗಂಗೂಬಾಯಿ ಅದರ ಮೇಲೆ ಸೆಗಣಿ ಕುಳ್ಳಿನ ಗೂಡು ಕಟ್ಟಿದ್ದಳು. ಸೊಸೆ ಕುಳ್ಳು ತೆಗೆಸಿದಳು, ಕುಣಿ ಒಣಗಿಸಿದಳು, ತವರಿಂದ ಜೋಳ ತರಿಸಿ ತುಂಬಿದಳು. ಸಕ್ಕರೆ ಸೀಮೆಗೆ ಬಂದು ಜೋಳ ಹೂಳುತ್ತಾಳಲ್ಲ ಇವಳೆಂಥ ಹುಚ್ಚಿ ಎಂದು ಊರು ನಕ್ಕಿತು. ಕಾಳಿನ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲು ಚಪ್ಪಡಿ ಎಲ್ಲಿಂದ ತರಬೇಕು? ಆದರೆ ಕೃಷ್ಣೆ ಮೈಮರೆತು ಊರೊಳಗೆ ಬಂದ ವರ್ಷ ತಗ್ಗಿನ ಮನೆಗಳ ಡ್ರಮ್ಮು, ಚೀಲ ಎಲ್ಲ ತೇಲಿಹೋದವು. ದಿಬ್ಬಕ್ಕೆ ನೀರು ಹತ್ತಲಿಲ್ಲ. ಹಗೇವು ಒಡೆದರೆ ಜೋಳ ನಿನ್ನೆ ಒಕ್ಕಿದ ಹಾಗಿತ್ತು. ದಿಬ್ಬಕ್ಕೆ ಓಡಿಬಂದವರೆಲ್ಲ ಅದರ ರೊಟ್ಟಿಯನ್ನೇ ತಿಂದರು. ಅಂದಿನಿಂದ ಅವಳು ಹಗೇವದ ಜಿನಮತಕ್ಕ ಆದಳು. ಊರು ಕೊಟ್ಟ ಹೆಸರನ್ನು ಅವಳು ಒಡವೆಯ ಹಾಗೆ ಹಾಕಿಕೊಂಡಳು ಅಂದರೆ ತಪ್ಪಲ್ಲ. ಮನುಷ್ಯರಿಗೆ ಅಷ್ಟಾದರೂ ಹೆಮ್ಮೆ ಬೇಡವೇ?

ಆ ನೆರೆಯ ವರ್ಷ ಅವಳ ಮಗಳು ಕಾಜಲ ಇನ್ನೂ ಸೊಂಟದ ಮೇಲಿನ ಕೂಸು. ಮದುವೆಯಾಗಿ ಎಷ್ಟೋ ಕಾಲ ಕಾದ ಮೇಲೆ ಹುಟ್ಟಿದ್ದು, ಒಂದೇ. ಮಾತು ಬರುವ ಮೊದಲೇ ಅವಳಿಗೆ ಅಣಕಿಸುವುದು ಬಂತು. ಕುಡಚಿಯ ಸಂತೆಗೆ ಕರೆದುಕೊಂಡು ಹೋದರೆ ಬಳೆಗಾರನ ಕೂಗು, ಹಣ್ಣು ಮಾರುವ ಬಾಗವಾನ ಮುದುಕನ ಕೆಮ್ಮು, ಸ್ಟೇಷನ್ನಿನಲ್ಲಿ ಮೈಕಿನ ಹೆಂಗಸು ಹಿಂದಿಯಲ್ಲಿ ಗಾಡಿ ಬರುವುದನ್ನು ಹೇಳುವ ರಾಗ, ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡು ಬಂದು ಮನೆಯಲ್ಲಿ ಸುರುವುತ್ತಿದ್ದಳು. ಮರಾಠಿಯಲ್ಲಿ ಬೈಯುವ ಎದುರು ಮನೆಯವಳನ್ನು ಅಣಕಿಸಿ ಅವಳಿಗಿಂತ ಚೆಂದ ಬೈಯುತ್ತಿದ್ದಳು. ಗಂಗೂಬಾಯಿ ನಕ್ಕು ನಕ್ಕು ಕೆಮ್ಮುತ್ತಿದ್ದಳು. ಆ ಕೆಮ್ಮನ್ನೂ ಹುಡುಗಿ ತಿರುಗಿಸಿ ಕೆಮ್ಮುತ್ತಿದ್ದಳು. ಮೊಮ್ಮಗಳ ಆಟ ನೋಡುತ್ತಲೇ ಗಂಗೂಬಾಯಿ ಒಂದು ಚಳಿಗಾಲದಲ್ಲಿ ತೀರಿಕೊಂಡಳು.

ಹುಡುಗಿಗೆ ನೆಗಡಿಯೊಂದು ಬಂದು ಹೋದ ಮೇಲೆ ಎಡಗಿವಿ ಸೋರಲು ಶುರುವಾಯಿತು. ಮೊದಲು ನೀರಿನಂತೆ, ಆಮೇಲೆ ಗಟ್ಟಿಯಾಗಿ, ಹಳದಿಯಾಗಿ. ಸೋರುವ ಕಿವಿ ನಮ್ಮ ಕಡೆ ದೊಡ್ಡ ಸುದ್ದಿಯಲ್ಲ, ಎಷ್ಟೋ ಮಕ್ಕಳದು ಸೋರುತ್ತದೆ. ಜಿನಮತಿ ಹಾಗೆಂದು ಸುಮ್ಮನೆ ಕೂತವಳಲ್ಲ. ಕುಡಚಿಗೆ ವಾರಕ್ಕೊಮ್ಮೆ ಬರುವ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಆತ ಒಳಗೆ ಬ್ಯಾಟರಿ ಬಿಟ್ಟು ನೋಡಿ, ಪರದೆ ತೂತಾಗಿದೆ, ಒಳಗೆ ಸೂಕ್ಷ್ಮ ಹುಳಗಳು ಮನೆ ಮಾಡಿವೆ ಎಂದ. ಗುಳಿಗೆ ಬರೆದ, ಹನಿ ಬರೆದ. ಎಣ್ಣೆ ಹಾಕಬೇಡಿ, ಅರಳೆ ತುರುಕಬೇಡಿ ಎಂದು ಕೈ ಬೆರಳು ಮಡಚಿ ಹೇಳಿದ. ಕಡೆಗೆ ಎದ್ದು ಬಾಗಿಲತನಕ ಬಂದು ಇನ್ನೊಂದು ಸಲ ಅಂದ.

“ಕಿವಿ ತೆರದ ಇಡ್ರಿ ಅಕ್ಕಾರ. ಒಣಾ ಇರಬೇಕು, ಗಾಳಿ ಆಡಬೇಕು.”

ಗಾಳಿ ಆಡಬೇಕು! ಹುಳ ಇರುವ ಕಡೆ ಯಾರಾದರೂ ಗಾಳಿ ಬಿಡುತ್ತಾರೆಯೇ? ಆದರೂ ಓದಿದವರ ಮಾತು ಎಂದು ತಲೆಬಾಗಿ ಗುಳಿಗೆ ತಪ್ಪಿಸದೆ ಕೊಟ್ಟಳು, ಹನಿ ಹಾಕಿದಳು, ಕಿವಿ ತೆರೆದಿಟ್ಟಳು. ಕಿವಿ ಒಣಗಿತು. ಮಳೆಗಾಲ ಬಂತು, ಮತ್ತೆ ಸೋರಿತು. ಮತ್ತೆ ಕುಡಚಿ, ಮತ್ತೆ ಗುಳಿಗೆ, ಮತ್ತೆ ಒಣಗಿತು, ಮತ್ತೆ ಸೋರಿತು. ಆಪರೇಶನ್ ಮಾಡಿ ಪರದೆ ಹೊಲಿಯಬೇಕಾಗುತ್ತದೆ, ಮಿರಜಿಗೆ ಹೋಗಿ ಎಂದು ಡಾಕ್ಟರ ಹೇಳಿದ. ಹೋಗೋಣ, ಈ ಕಬ್ಬಿನ ಹಂಗಾಮು ಮುಗಿಯಲಿ ಎಂದ ಉತ್ತಮ. ಅವನು ಕೆಟ್ಟವನಲ್ಲ. ಟ್ರ್ಯಾಕ್ಟರ್ ಹೊಡೆದು ಹೊಡೆದು ಮಾತು ಕಡಿಮೆಯಾದ ಮನುಷ್ಯ, ಮಗಳು ಅಂದರೆ ಪ್ರಾಣ. ಆದರೆ ಹಂಗಾಮು ಒಂದು ಮುಗಿದರೆ ಇನ್ನೊಂದು ನಿಂತಿರುತ್ತದೆ.

ಅಷ್ಟರಲ್ಲಿ ಹುಡುಗಿ ಸಾಲೆಯಲ್ಲಿ ಮೂರನೆಯ ಇಯತ್ತೆಗೆ ಬಂದಳು. ಕಿವಿಯಿಂದ ವಾಸನೆ ಹೊಡೆಯತೊಡಗಿತ್ತು, ಸತ್ತ ಇಲಿಯ ವಾಸನೆ. ಅಂಗಿಯ ಕೊರಳಪಟ್ಟಿ ಎಷ್ಟು ಒಗೆದರೂ ಹೋಗದು. ಸಾಲೆಯ ಪೂನಮ ಟೀಚರು ಒಳ್ಳೆಯ ಹೆಂಗಸು, ಆದರೆ ಉಳಿದ ಮಕ್ಕಳು ಮೂಗು ಹಿಡಿದುಕೊಂಡರೆ ಅವರಾದರೂ ಏನು ಮಾಡಿಯಾರು? ಕಾಜಲಳನ್ನು ಹಿಂದಿನ ಕಿಟಕಿಯ ಪಕ್ಕ ಒಬ್ಬಳನ್ನೇ ಕೂಡಿಸಿದರು. ಅವತ್ತು ಹುಡುಗಿ ಮನೆಗೆ ಬಂದು ಯಾರನ್ನೂ ಅಣಕಿಸಲಿಲ್ಲ. ಏನಾಯಿತೆಂದು ತಾಯಿ ಕೆದಕಿ ಕೆದಕಿ ಕೇಳಿದ ಮೇಲೆ, ಗೆಳತಿ ಸೌಂದರ್ಯಾ ತನ್ನ ಜೊತೆ ಬುತ್ತಿ ಬಿಚ್ಚಲಿಲ್ಲವೆಂದು ಹೇಳಿ ಅತ್ತಳು. ಮಗಳ ಮೈಯಿಂದ ವಾಸನೆ ಬರುತ್ತದೆ ಎಂದು ಊರು ಅಂದರೆ ಯಾವ ತಾಯಿ ಸಹಿಸುತ್ತಾಳೆ? ಡಾಕ್ಟರು ಹೇಳಿದಂತೆ ಇಷ್ಟು ವರ್ಷ ತೆರೆದಿಟ್ಟು ಆಯಿತಲ್ಲ, ಏನು ಸಿಕ್ಕಿತು? ಇನ್ನು ನನ್ನ ಅಪ್ಪನ ಹಾದಿ ನೋಡೋಣ ಎಂದಳು.

ಮಾಡಿದ್ದು ಇಷ್ಟು. ಕುಸುಬಿ ಎಣ್ಣೆಯನ್ನು ಅರಿಶಿನ ಹಾಕಿ ಬೆಚ್ಚಗೆ ಮಾಡಿದಳು. ಅರಳೆಯನ್ನು ಬತ್ತಿಯ ಹಾಗೆ ಬಿಗಿಯಾಗಿ ಹೊಸೆದು, ಎಣ್ಣೆಯಲ್ಲಿ ಅದ್ದಿ, ಕಿವಿಯ ಬಾಯಿಗೆ ಒತ್ತಿದಳು. ಅದರ ಮೇಲೆ ಇನ್ನೊಂದು ಅರಳೆ, ಅದರ ಮೇಲೆ ಸ್ಕಾರ್ಫು. ಸಂದು ಉಳಿಯಿತೇ ಎಂದು ಹೆಬ್ಬೆರಳಿನಿಂದ ಸುತ್ತ ಒತ್ತಿ ನೋಡುತ್ತಿದ್ದಳು, ಹಗೇವಿನ ಚಪ್ಪಡಿಯ ಅಂಚನ್ನು ಒತ್ತಿ ನೋಡುವ ಹಾಗೆಯೇ. ಗಾಳಿಯ ದಾರಿ ಮುಚ್ಚಿತು. ಇನ್ನು ಅನ್ನದ ದಾರಿ. ಬೆಲ್ಲ, ಹಾಲು, ಮೊಸರು, ಬಾಳೆಹಣ್ಣು ಕೀವಿಗೆ ಮೇವು ಎಂದು ನಮ್ಮ ಹೆಂಗಸರೆಲ್ಲ ಹೇಳುವುದೇ. ಅವನ್ನೆಲ್ಲ ಬಂದ್ ಮಾಡಿದಳು. ಕಬ್ಬಿನ ಊರಿನ ಹುಡುಗಿಗೆ ಕಬ್ಬು ಕೂಡ ಇಲ್ಲ. ಒಣ ರೊಟ್ಟಿ, ತೊವ್ವೆ, ಬಿಸಿನೀರು. ಕಾಗವಾಡದ ನೆಂಟರು ದ್ರಾಕ್ಷಿಯ ಪೆಟ್ಟಿಗೆ ಕಳಿಸಿದಾಗ ಹುಡುಗಿ ಒಂದು ಗೊಂಚಲು ಕೈಯಲ್ಲಿ ಹಿಡಿದುಕೊಂಡು ಅವ್ವನ ಮುಖ ನೋಡಿದಳು, ಆಮೇಲೆ ತಾನೇ ತಿರುಗಿ ಇಟ್ಟಳು. ಅಷ್ಟು ಒಳ್ಳೆಯ ಹುಡುಗಿ. ಅರಳೆಯಿಂದ ಸರಿಯಾಗಿ ಕೇಳಿಸುವುದಿಲ್ಲ ಎಂದು ಒಂದೆರಡು ಸಲ ಹೇಳಿದಳು.

“ಅರಳಿ ತಗಿ ಅವ್ವಾ, ಟೀಚರ್ ಹೇಳೂದು ಕೇಳವಲ್ದು.”

“ಇನ್ನಷ್ಟ ದಿನ ತಡಕೊ ನನ್ನ ಬಂಗಾರಿ. ಗಾಳಿ ಇಲ್ಲ, ಕೂಳ ಇಲ್ಲ, ತಾವ ಸಾಯ್ತಾವ.”

ಸೋರುವುದು ನಿಂತಿತು! ಅದೇ ಸಂಕಟ ನೋಡಿ. ನಿಲ್ಲದಿದ್ದರೆ ಅವಳು ಬೇಗ ಮಿರಜಿಗೆ ಓಡುತ್ತಿದ್ದಳು. ಅರಳೆ ಬದಲಿಸುವಾಗ ಸ್ವಲ್ಪ ನಾತ ಬಿಟ್ಟರೆ ಹೊರಗೆ ಏನೂ ಇಲ್ಲ. ಪೂನಮ ಟೀಚರು ಹುಡುಗಿಯನ್ನು ಮತ್ತೆ ಮುಂದಿನ ಸಾಲಿಗೆ ತಂದರು. ಸೌಂದರ್ಯಾ ಬುತ್ತಿ ಬಿಚ್ಚಿದಳು. ಜಿನಮತಿ ಬಸದಿಯ ಮೆಟ್ಟಿಲ ಮೇಲೆ ನಾಲ್ಕು ಹೆಂಗಸರ ಮುಂದೆ ಡಾಕ್ಟರನಿಗೆ ಆಗದ್ದು ಹಗೇವಿನಿಂದ ಆಯಿತು ಎಂದು ಕೈ ತಿರುವಿ ಹೇಳಿದಳು. ಪಕ್ಕದ ಮನೆಯ ಶಿವಗಂಗವ್ವ ಮಾತ್ರ, ಮುಚ್ಚಿದ್ದರೊಳಗೆ ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ ತಂಗಿ, ಒಮ್ಮೆ ತೋರಿಸಿಕೊಂಡು ಬಾ ಎಂದಳು. ಶಿವಗಂಗವ್ವನ ಮನೆಯ ಡ್ರಮ್ಮಿನಲ್ಲಿ ಗುಳಿಗೆ ಹಾಕಿದರೂ ನುಸಿ ಇತ್ತು. ಅಂಥವಳಿಂದ ಬುದ್ಧಿ ಕಲಿಯಬೇಕೇ ಎಂದು ಜಿನಮತಿ ನಕ್ಕಳು.

ಭಾದ್ರಪದ ಬಂತು, ದಶಲಕ್ಷಣ ಪರ್ವ ಬಂತು. ಜಿನಮತಿ ಪ್ರತಿ ವರ್ಷ ಆ ಹತ್ತೂ ದಿನ ಉಪವಾಸ ಹಿಡಿಯುವವಳು. ಕಾಯಿಸಿ ಆರಿಸಿದ ನೀರು, ಅದೂ ಹೊತ್ತಿಗೊಮ್ಮೆ. ಈ ಸಲ ಮಗಳ ಹೆಸರಿನಲ್ಲಿ ಹಿಡಿದಳು. ಹೊಟ್ಟೆಗೆ ಏನೂ ಇಲ್ಲದೆ ಬಸದಿಗೆ ನಡೆದು ಹೋದಳು, ಬಂದಳು, ಗಂಡನಿಗೆ ರೊಟ್ಟಿ ಬಡಿದಳು, ದನ ಕಟ್ಟಿದಳು. ಕೊನೆಗೆ ಮೈ ಹಗುರಾಗಿ, ಮಾತು ಸಣ್ಣದಾಗಿ, ಸುಮ್ಮನೆ ಗೋಡೆಗೆ ಒರಗಿ ಕೂತರೆ ಲೋಕವೇ ಬೇಡ ಅನ್ನಿಸುವ ಹಾಗಾಯಿತು. ಆದರೂ ಬದುಕಿದ್ದಳು, ನೋಡಿ. ಉಪವಾಸ ಬಿಡುವ ಪಾರಣೆಯ ದಿನ ಹೆಸರುಬೇಳೆಯ ನೀರು ಒಂದು ಗುಟುಕು ಒಳಗೆ ಹೋದದ್ದೇ ಮೈಯಲ್ಲಿ ಜೀವ ಸರಸರ ಹರಿದು ಬಂತು. ಈ ಮಾತನ್ನು ನಾನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ನಿಮಗೇ ತಿಳಿಯುತ್ತದೆ.

ಆ ಉಪವಾಸದ ದಿನಗಳಲ್ಲೇ ಕಾಜಲ ತಲೆಯೊಳಗೆ ಯಾರೋ ಬಡಿದ ಹಾಗಾಗುತ್ತದೆ ಎನ್ನತೊಡಗಿದ್ದಳು. ನಡೆದರೆ ಗೋಡೆ ಹಿಡಿಯುತ್ತಿದ್ದಳು. ಜಿನಮತಿಗೆ ಹೆದರಿಕೆಯಾಗಲಿಲ್ಲವೇ? ಆಯಿತು. ಆದರೆ ಆ ಹೆದರಿಕೆಗೂ ಅವಳ ಹತ್ತಿರ ಹಗೇವಿನ ಉತ್ತರ ಇತ್ತು. ಬಾಗಿಲು ಮುಚ್ಚಿದ ಮೇಲೆ ಒಳಗಿನ ಜೀವ ಸಾಯುವ ಮೊದಲು ಒದ್ದಾಡುತ್ತದೆ, ಈ ನೋವು ಅದರ ಒದ್ದಾಟ, ಇದು ಕೊನೆ ಎಂದುಕೊಂಡಳು. ಮಗಳಿಗೂ ಹಾಗೇ ಹೇಳಿದಳು. ಹುಡುಗಿ ಹಲ್ಲು ಕಚ್ಚಿ ತಡೆದುಕೊಂಡಳು. ಹುಳ ಸಾಯಲಿ ಎಂದು ಆ ಕೂಸು ಎಷ್ಟು ತಡೆದುಕೊಂಡಿತೋ, ಈಗ ನೆನೆಸಿದರೆ ಕರುಳು ಕಿತ್ತು ಬರುತ್ತದೆ.

ಮೊದಲು ಕಂಡದ್ದು ಉತ್ತಮನಿಗೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹುಡುಗಿ ನೀರು ಕುಡಿದರೆ ನೀರು ಬಾಯಿಯ ಎಡಗಡೆಯಿಂದ ಸೋರಿತು. ನಗು ಎಂದ. ನಕ್ಕಳು, ಅರ್ಧ ಮುಖ ಮಾತ್ರ ನಕ್ಕಿತು. ಅವನು ತಾಟು ಹಾಗೇ ಬಿಟ್ಟು ಎದ್ದ. ಸಂಜೆಯೊಳಗೆ ಜ್ವರ ಏರಿ ಹುಡುಗಿ ಕತ್ತು ಬಗ್ಗಿಸದಾದಳು, ಬೆಳಕು ನೋಡಿದರೆ ಚೀರಿದಳು. ಕುಡಚಿಯ ದವಾಖಾನೆಯಲ್ಲಿ ಮುಟ್ಟಿ ನೋಡಿದವರು ಗಾಡಿಯಿಂದ ಇಳಿಸಲೂ ಬಿಡದೆ ಮಿರಜಿನ ದಾರಿ ತೋರಿಸಿದರು.

ಮಿರಜಿನ ದೊಡ್ಡ ಡಾಕ್ಟರಬಾಯಿ ಮರಾಠಿಯವರು. ಕಿವಿಯಿಂದ ಅರಳೆ ಎಳೆದರು. ಹಿಂದೆಯೇ ಬಂದ ನಾತಕ್ಕೆ ನರ್ಸು ಮುಖ ತಿರುಗಿಸಿದಳು. ಕಿವಿಯ ಹಿಂದಿನ ಎಲುಬು ತಿಂದುಹೋಗಿ, ಕೀವು ಮಿದುಳಿನ ಪದರಕ್ಕೆ ಮುಟ್ಟಿತ್ತು. ಎಲುಬು ಕೊರೆದು ತೊಳೆದರು. ಹುಡುಗಿ ಬದುಕಿದಳು. ಜ್ವರ ಇಳಿದು ಕಣ್ಣು ತೆರೆದ ದಿನ ಜಿನಮತಿ ಮಂಚದ ಪಕ್ಕ ಕೂತು ಬಂಗಾರಿ, ಕಾಜಲಾ ಎಂದು ಒಂದೇ ಸವನೆ ಕರೆಯುತ್ತಿದ್ದಳು. ಉತ್ತಮ ಕರೆಯುತ್ತಿದ್ದ. ಪಕ್ಕದ ಮಂಚದವರೂ ಏನೋ ಮಾತಾಡುತ್ತಿದ್ದರು. ಹುಡುಗಿ ಎಲ್ಲರ ಮುಖವನ್ನೂ ನೋಡಿದಳು.

“ಅವ್ವಾ, ಯಾಕ ಎಲ್ಲಾರೂ ಸುಮ್ನ ಅದೀರಿ?”

ಹುಡುಗಿ ತಲೆಯ ಪಟ್ಟಿಯ ಮೇಲೆ ಕೈಯಾಡಿಸಿಕೊಂಡು, ಅರಳೆ ತೆಗೆ ಎಂದಳು. ಎಡಗಡೆ ಪಟ್ಟಿ ಇತ್ತು, ಬಲಗಿವಿ ಖಾಲಿ ಇತ್ತು. ಅರಳೆ ಎಲ್ಲೂ ಇರಲಿಲ್ಲ. ಜಿನಮತಿ ನರ್ಸಿನ ಟ್ರೇಯಿಂದ ಒಂದು ಚೂರು ಅರಳೆ ತೆಗೆದು ಅಂಗೈಯಲ್ಲಿ ಮುಚ್ಚಿಟ್ಟುಕೊಂಡಳು. ಮಗಳ ಬಲಗಿವಿಗೆ ಬೆರಳು ಹಾಕಿ, ತೆಗೆದ ಹಾಗೆ ಮಾಡಿ, ಆ ಚೂರನ್ನು ತೋರಿಸಿದಳು. ಯಾಕೆ ಹಾಗೆ ಮಾಡಿದಳೋ, ಮಗಳಿಗೆ ಯಾವ ಧೈರ್ಯ ಹೇಳಬೇಕೆಂದುಕೊಂಡಳೋ. ಹುಡುಗಿ ಸಮಾಧಾನವಾಗಿ ಕಣ್ಣು ಮುಚ್ಚಿ, ಕೇಳಲು ಕಾಯುತ್ತ ಮಲಗಿದಳು.

ಮರುದಿನ ಡಾಕ್ಟರಬಾಯಿ ಇಬ್ಬರನ್ನೂ ಕೂಡಿಸಿಕೊಂಡು ಬಿಡಿಸಿ ಹೇಳಿದರು. ಮಿದುಳಿನ ಪದರಕ್ಕೆ ಹತ್ತಿದ ಬೇನೆ ಎರಡೂ ಒಳಗಿವಿಗಳನ್ನು ಸುಟ್ಟುಹಾಕಿದೆ. ಕೇಳಿಸುವ ಯಂತ್ರ ಕೂಡಿಸಬಹುದೇ ಎಂದು ಮುಂದೆ ಕಿವಿಯ ಒಳಗಿನ ಫೋಟೋ ತೆಗೆದು ನೋಡಬೇಕು. ಜಿನಮತಿ ತಾನು ಮಾಡಿದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು. ಗಾಳಿ ತಪ್ಪಿಸಿದ್ದು, ಬೆಲ್ಲ ಹಾಲು ತಪ್ಪಿಸಿದ್ದು, ಎಲ್ಲ. ಆಮೇಲೆ ತಡೆದುಕೊಳ್ಳಲಾಗದೆ ಕೇಳಿದಳು.

“ಗಾಳಿ ಇಲ್ಲ, ಕೂಳ ಇಲ್ಲ. ಆದ್ರೂ ಯಾಕ ಸಾಯ್ಲಿಲ್ಲರಿ ಅವು?”

ಡಾಕ್ಟರಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಕಾಳಿನ ಹುಳ ಬೇರೆ, ಇವು ಬೇರೆ ಎಂದರು. ಇವು ಕಣ್ಣಿಗೆ ಕಾಣದಷ್ಟು ಸಣ್ಣವು. ಕೆಲವಕ್ಕೆ ಗಾಳಿಯೇ ವೈರಿ, ಮುಚ್ಚಿದಷ್ಟೂ ಅವು ಚಿಗುರುತ್ತವೆ. ಆ ಕೊಳೆತ ನಾತ ಅವುಗಳದೇ. ಉಳಿದವು ಗಾಳಿ, ಆಹಾರ ಕಡಿಮೆಯಾದರೆ ಸಾಯುವುದಿಲ್ಲ. ಒಂದಕ್ಕೊಂದು ಅಂಟಿಕೊಂಡು, ಮೇಲೆ ಅಂಟಿನ ಹೊದಿಕೆ ಹೊದ್ದು, ತಿನ್ನುವುದು ಬೆಳೆಯುವುದು ಎಲ್ಲ ನಿಲ್ಲಿಸಿ ಸುಮ್ಮನೆ ಬಿದ್ದಿರುತ್ತವೆ. ಗುಳಿಗೆ ಕೊಲ್ಲುವುದು ತಿನ್ನುತ್ತ ಬೆಳೆಯುತ್ತ ಇರುವವನ್ನೇ ಹೆಚ್ಚು, ಮಲಗಿದವು ಉಳಿದುಬಿಡುತ್ತವೆ. ಹುಡುಗಿಗೆ ಬೆಲ್ಲ ತಪ್ಪಿಸಿದರೆ ಹುಡುಗಿ ಸೊರಗುತ್ತಾಳೆ, ಅವಕ್ಕೆ ಅವಳ ಮೈಯೇ ಸಾಕು. ನಿಮ್ಮ ಮಗಳ ಕೀವನ್ನು ನಾವು ಪರೀಕ್ಷೆಯ ತಾಟಿನಲ್ಲಿ, ಅವಕ್ಕೆ ಬೇಕಾದ ಆಹಾರ ಹಾಕಿ ಇಟ್ಟಿದ್ದೆವು ಎಂದರು. ಮೊದಲ ದಿನ ಏನೂ ಕಾಣಲಿಲ್ಲ, ಸತ್ತಿವೆ ಎಂದುಕೊಂಡೆವು. ಆಮೇಲೆ ಒಂದೊಂದಾಗಿ ಎದ್ದವು.

ಜಿನಮತಿ ಕೂತಲ್ಲೇ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ತಿನ್ನುವುದು ನಿಲ್ಲಿಸಿ ಸುಮ್ಮನೆ ಬಿದ್ದಿರುವುದು. ಒಂದು ಗುಟುಕು ಬೇಳೆನೀರಿಗೆ ಮತ್ತೆ ಏಳುವುದು. ಅದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

“ನಾ ಹತ್ತ ದಿನ ಉಪವಾಸ ಇದ್ದ ಬದುಕಿದ್ನಲ್ಲರಿ. ಕೂಳ ಇಲ್ದಿದ್ರ ಜೀವ ಹೋಗ್ತೈತಿ ಅಂತ ನಾ ಹ್ಯಾಂಗ ತಿಳಕೊಂಡ್ನಿ?”

ಡಾಕ್ಟರಬಾಯಿಗೆ ಈ ಮಾತು ಪೂರ್ತಿ ತಿಳಿಯಲಿಲ್ಲ. ಉತ್ತಮನಿಗೆ ತಿಳಿಯಿತು. ಅವನು ಎದ್ದು ಹೊರಗೆ ಹೋಗಿ ಮೆಟ್ಟಿಲ ಹತ್ತಿರ ನಿಂತು ಗೋಡೆ ನೋಡುತ್ತ ಅತ್ತ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಉರಿಯುವ ಒಲೆಯನ್ನು ಇಟ್ಟುಕೊಂಡು ಆಮೇಲೆ ಏನು ಮಾಡಬೇಕೆಂದು ಆ ಗಾದೆ ಕಟ್ಟಿದವರು ಹೇಳಿಲ್ಲ. ಊರಿಗೆ ಬಂದ ಮೇಲೆ ಬಸದಿಯ ಹೆಂಗಸರು ಬಂದು ಕೂತರು. ಪೂರ್ವದ ಕರ್ಮ, ನಿನ್ನದೇನು ತಪ್ಪು ಎಂದರು. ಸಮಾಧಾನಕ್ಕೆ ಹೇಳಿದ್ದು, ಅವರನ್ನು ದೂರಿ ಫಲವಿಲ್ಲ. ಆದರೆ ಜಿನಮತಿ ಆ ಮಾತಿನ ಕೆಳಗೆ ನಿಲ್ಲಲು ಒಪ್ಪಲಿಲ್ಲ. ಕರ್ಮ ಅರಳೆ ಹೊಸೆಯಲಿಲ್ಲ, ನಾನು ಹೊಸೆದೆ ಎಂದು ಎದ್ದು ಒಳಗೆ ಹೋದಳು. ಉತ್ತಮ ಒಂದು ದಿನವೂ ಹೀಗೇಕೆ ಮಾಡಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಗುತ್ತಿತ್ತು. ಮಿರಜಿಗೆ ಹೋಗುವುದನ್ನು ಹಂಗಾಮಿಗೆ ಮುಂದೂಡಿದವನು ತಾನು ಎಂಬುದನ್ನು ಅವನು ಮರೆತಿರಲಿಲ್ಲ. ಇಬ್ಬರೂ ತಮ್ಮ ತಮ್ಮದನ್ನು ಹೊತ್ತುಕೊಂಡು ಒಂದೇ ಮನೆಯಲ್ಲಿ ಅತ್ತಿತ್ತ ಓಡಾಡಿದರು.

ಹುಡುಗಿಯನ್ನು ಮತ್ತೆ ಮಿರಜಿಗೆ ಕರೆದೊಯ್ದು ಫೋಟೋ ತೆಗೆಸಿದರು. ಒಳಗಿವಿಯ ಸುರುಳಿ ದಾರಿ ಎರಡೂ ಕಡೆ ಎಲುಬು ಬೆಳೆದು ತುಂಬಿಕೊಂಡಿತ್ತು. ಯಂತ್ರದ ತಂತಿ ತೂರಿಸಲು ಎಳೆಯಷ್ಟು ಜಾಗ ಉಳಿದಿಲ್ಲ ಎಂದರು. ಸಂದಿಲ್ಲದ ಹಾಗೆ ಮುಚ್ಚಿತ್ತು. ಕಿವುಡ ಮಕ್ಕಳ ಸಾಲೆಯ ವಿಚಾರ ಹೇಳಿದರು, ತುಟಿ ನೋಡಿ ತಿಳಿಯಲು ಕಲಿಸುತ್ತಾರೆ, ಕೈಸನ್ನೆ ಕಲಿಸುತ್ತಾರೆ. ಇನ್ನು ಎಂದೂ ಕಿವಿ ಕೇಳಿಸುವುದಿಲ್ಲ ಎಂದು ಹುಡುಗಿಗೆ ಯಾರು ಹೇಳಬೇಕು, ಹೇಗೆ ಹೇಳಬೇಕು? ಅವಳಿಗೆ ಓದಲು ಬರುತ್ತದೆ. ಪಾಟಿಯ ಮೇಲೆ ಒಂದು ಸಾಲು ಬರೆದರೆ ಆಯಿತು. ಉತ್ತಮ ಬಳಪ ಹಿಡಿದು ಕೂತು ಎದ್ದ. ಜಿನಮತಿ ಬಳಪ ಹಿಡಿಯಲೇ ಇಲ್ಲ. ಹುಡುಗಿ ಇನ್ನೂ ಮಾತಾಡುತ್ತಿದ್ದಳು, ಸ್ಟೇಷನ್ನಿನ ಮೈಕಿನ ಹೆಂಗಸನ್ನು ಇನ್ನೂ ಅಣಕಿಸುತ್ತಿದ್ದಳು, ಆದರೆ ರಾಗ ಜಾರತೊಡಗಿತ್ತು. ಒಮ್ಮೆ ಗಟ್ಟಿಯಾಗಿ ಒದರುತ್ತಿದ್ದಳು, ಒಮ್ಮೆ ಉಸಿರಿನಷ್ಟೇ. ತಾನು ಸರಿಯಾಗಿ ಮಾಡುತ್ತಿದ್ದೇನೆ ಎಂದು ತಿಳಿದು ಅರ್ಧ ಮುಖದಲ್ಲಿ ನಗುತ್ತಿದ್ದಳು. ಜಿನಮತಿ ಸೆರಗು ಬಾಯಿಗೆ ತುರುಕಿಕೊಂಡು ನಗಬೇಕಾಗುತ್ತಿತ್ತು.

ಸಂಕ್ರಾಂತಿ ದಾಟಿ ಹೊಸ ಜೋಳ ಬರುವ ಹೊತ್ತಿಗೆ ಹಳೆಯ ಹಗೇವು ಒಡೆಯುವುದು ವಾಡಿಕೆ. ಉತ್ತಮ ಬೇಡ ಎಂದ. ಜಿನಮತಿ ಹಾರೆ ತಗೊಂಡು ತಾನೇ ಮಣ್ಣು ಕೆತ್ತಿದಳು. ಶಿವಗಂಗವ್ವ ಸುಮ್ಮನೆ ಬಂದು ಚಪ್ಪಡಿಗೆ ಕೈ ಹಚ್ಚಿದಳು. ನಾನು ಅವತ್ತೇ ಹೇಳಿದ್ದೆ ಎಂದು ಅವಳು ಅನ್ನಲಿಲ್ಲ, ಎಂದೂ ಅನ್ನಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು. ಹಗ್ಗಕ್ಕೆ ಕಟ್ಟಿದ ದೀಪ ಒಳಗಿಳಿದು ಫಕ್ಕನೆ ಆರಿತು. ಮರುದಿನದತನಕ ಬಾಯಿ ತೆರೆದಿಟ್ಟು, ದೀಪ ಉರಿದ ಮೇಲೆ ಉತ್ತಮ ಇಳಿದು ಬುಟ್ಟಿ ತುಂಬಿ ಮೇಲೆ ಕಳಿಸಿದ. ಜಿನಮತಿ ಕಾಳನ್ನು ಮೊರಕ್ಕೆ ಹಾಕಿ ಕೇರಿದಳು. ಒಂದು ನುಸಿ ಇರಲಿಲ್ಲ. ಹಿಟ್ಟಾದ ಕಾಳು ಒಂದಿರಲಿಲ್ಲ. ಹಲ್ಲಿಗೆ ಹಾಕಿ ಕಡಿದಳು, ಕಟ್ಟೆಂದಿತು. ಒಂದಾದರೂ ಹುಳ ಸಿಗಲಿ ಎಂದು ಮೊರದಲ್ಲಿ ಬೆರಳಾಡಿಸಿ ಆಡಿಸಿ ಹುಡುಕಿದಳು. ಅಪ್ಪನ ಮಾತು ಸುಳ್ಳು ಎಂದಾಗಿದ್ದರೆ ಅವನನ್ನಾದರೂ ಬೈಯಬಹುದಿತ್ತು. ಅವನ ಮಾತು ಸುಳ್ಳಾಗಲಿಲ್ಲ. ಅವನು ಹೇಳಿದ್ದು ಕಾಳಿಗೆ, ಅವಳು ಮಾಡಿದ್ದು ಕೂಸಿಗೆ.

ಜೋಳವನ್ನೆಲ್ಲ ಓಣಿಗೆ ಹಂಚಿದಳು, ಒಂದು ಸೇರನ್ನೂ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಖಾಲಿ ಕುಣಿಯನ್ನು ಮಣ್ಣು ಹಾಕಿ ಮುಚ್ಚಿಸು ಎಂದು ಉತ್ತಮನಿಗೆ ಹೇಳಿ ಅದರ ಬಾಯಿಯ ಪಕ್ಕ ಕೂತಳು. ಕಾಜಲ ಬಂದು ತೊಡೆಯ ಮೇಲೆ ತಲೆ ಇಟ್ಟಳು. ಮಧ್ಯಾಹ್ನದ ಬಿಸಿಲು. ಕಬ್ಬಿನ ಗಾಡಿಗಳು ಟೇಪಿನ ಹಾಡು ಹಚ್ಚಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದವು. ಹುಡುಗಿ ಅವ್ವನ ಬೆರಳನ್ನು ತಗೊಂಡು ತನ್ನ ಬಲಗಿವಿಯ ಬಾಯಿಗೆ ಇಟ್ಟುಕೊಂಡಳು. ಅವಳ ದನಿ ಈಗ ಎತ್ತರ ತಗ್ಗು ಇಲ್ಲದೆ ಒಂದೇ ಸಮ ಬರುತ್ತಿತ್ತು.

“ಅವತ್ತ ದವಾಖಾನ್ಯಾಗ ನೀ ಒಂದ ತಗದಿ ಅವ್ವಾ. ಒಳಗ ಇನ್ನೊಂದ ಉಳದೈತಿ ನೋಡ. ಅದನ್ನೂ ತಗಿ.”

ಜಿನಮತಿಯ ಅಂಗೈಯಲ್ಲಿ ಇವತ್ತು ಅರಳೆಯ ಚೂರು ಇರಲಿಲ್ಲ. ಅವಳು ಬೆರಳನ್ನು ಹಾಗೇ ಅಲ್ಲೇ ಇಟ್ಟುಕೊಂಡು ಕೂತಳು. ಹುಡುಗಿ ಕಣ್ಣು ಮುಚ್ಚಿಕೊಂಡು, ಅವ್ವ ತೆಗೆಯುತ್ತಾಳೆ ಎಂದು ಕಾಯುತ್ತಿದ್ದಳು.